ಮನೆಯ ಇಂಟರ್ನೆಟ್‌ಗೆ ನಮ್ಮದೇ ಕಾವಲು

2015ರ ಜೂನ್ ತಿಂಗಳಲ್ಲಿ ಬೆಂಗಳೂರಿನ ತಂತ್ರಜ್ಞ ತೇಜೇಶ್ ಜಿ.ಎನ್. ಒಂದು ಸಂಗತಿಯನ್ನು ಪುರಾವೆ ಸಮೇತ ಜನರ ಮುಂದಿಟ್ಟರು. ಏರ್‌ಟೆಲ್‌ನ 3ಜಿ ಸಂಪರ್ಕದಲ್ಲಿ ವೆಬ್ ಪುಟ ತೆರೆದರೆ, ಪುಟ ಬರೆದವರು ಬರೆಯದೇ ಇದ್ದ ಜಾವಾಸ್ಕ್ರಿಪ್ಟ್ ತುಣುಕೊಂದು ದಾರಿಯಲ್ಲೇ ಅದರೊಳಗೆ ಸೇರಿಕೊಂಡು ಓದುಗರ ಬ್ರೌಸರ್ ತಲುಪುತ್ತಿತ್ತು. ಗ್ರಾಹಕರು ತಾವೆಷ್ಟು ಡೇಟಾ ಬಳಸುತ್ತಿದ್ದೇವೆಂದು ತಿಳಿದುಕೊಳ್ಳಲು ನೆರವಾಗುವ ಪ್ರಯೋಗ ಇದು ಎಂದು ಕಂಪನಿ ವಿವರಣೆ ಕೊಟ್ಟಿತು. ಆ ತಂತ್ರದ ಹಿಂದಿದ್ದ ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಕಂಪನಿಯ ವಕೀಲರು ತೇಜೇಶ್ ಅವರಿಗೇ ನೋಟಿಸ್ ಕಳಿಸಿದರು. ಗಿಟ್‌ಹಬ್‌ನಲ್ಲಿ ಅವರು ಹಾಕಿದ್ದ ಪುರಾವೆಯನ್ನು ಕೃತಿಸ್ವಾಮ್ಯದ ಹೆಸರಿನಲ್ಲಿ ತೆಗೆಸಿದರು. ಅದೇ ವರ್ಷದ ಫೆಬ್ರುವರಿಯಲ್ಲಿ, ಲೆನೊವೊ ಕಂಪನಿಯ ಕೆಲವು ಲ್ಯಾಪ್‌ಟಾಪ್‌ಗಳು ಅಂಗಡಿಯಿಂದ ಬರುವಾಗಲೇ ಸೂಪರ್‌ಫಿಶ್ ಎಂಬ ತಂತ್ರಾಂಶವನ್ನು ಹೊತ್ತು ಬರುತ್ತಿದ್ದದ್ದು ಬಯಲಾಗಿತ್ತು. ಗೂಢಲಿಪಿಯಲ್ಲಿ ಸಾಗುವ ಪುಟಗಳನ್ನೂ ಅದು ನಡುವೆ ಬಿಚ್ಚಿ, ತನ್ನ ಜಾಹೀರಾತು ತುರುಕಿ, ಮತ್ತೆ ಮುಚ್ಚಿ ಬ್ರೌಸರಿಗೆ ಕೊಡುತ್ತಿತ್ತು. ಫೇಸ್‌ಬುಕ್ 2013ರಲ್ಲಿ ಕೊಂಡುಕೊಂಡ ಒನಾವೊ ಎಂಬ ಆ್ಯಪ್ ರಕ್ಷಣೆ ಕೊಡುವ ವಿಪಿಎನ್ ಎಂದು ಹೇಳಿಕೊಂಡು ಜನರ ಫೋನ್ ಸೇರಿತು. ಯಾರು ಯಾವ ಆ್ಯಪನ್ನು ಎಷ್ಟು ಬಳಸುತ್ತಾರೆ ಎಂಬ ಲೆಕ್ಕ ಫೇಸ್‌ಬುಕ್‌ಗೆ ಹೋಗುತ್ತಿತ್ತು. 2018ರಲ್ಲಿ ಅದು ಆ್ಯಪಲ್‌ನ ಆ್ಯಪ್ ಸ್ಟೋರ್‌ನಿಂದ ಹೊರಬಿತ್ತು, ಮರುವರ್ಷ ಮುಚ್ಚಿಹೋಯಿತು. ಈ ಮೂರೂ ಪ್ರಕರಣಗಳಲ್ಲಿ ಓದುಗನಿಗೂ ಜಾಲತಾಣಕ್ಕೂ ನಡುವೆ ಒಬ್ಬ ಮಧ್ಯವರ್ತಿ ಕೂತಿದ್ದ, ಮತ್ತು ಅವನು ಓದುಗನ ಸಂಬಳದ ಆಳಾಗಿರಲಿಲ್ಲ. ನನ್ನ ವಾದ ಇಷ್ಟೇ: ನಡುವೆ ಯಾರಾದರೊಬ್ಬರು ಇದ್ದೇ ಇರುತ್ತಾರೆ ಎಂದಾದ ಮೇಲೆ, ಅಲ್ಲಿ ನಾವೇ ನೇಮಿಸಿದ, ನಮ್ಮ ಮಾತು ಕೇಳುವ ಒಬ್ಬ ಇರಲಿ. ಆ ಕೆಲಸಕ್ಕೆ ಬೇಕಾದ ಸಾಧನ ಹೊಸದೂ ಅಲ್ಲ, ದುಬಾರಿಯೂ ಅಲ್ಲ. ಅದರ ಹೆಸರು ಸೋಸುವ ಪ್ರಾಕ್ಸಿ.

ಪ್ರಾಕ್ಸಿ ಎಂದರೆ ನಮ್ಮ ಪರವಾಗಿ ಜಾಲತಾಣದ ಸರ್ವರ್ ಬಳಿ ಹೋಗಿ ಪುಟ ತಂದುಕೊಡುವ ತಂತ್ರಾಂಶ. ತರುವುದು ಅದೇ ಆದ್ದರಿಂದ ಏನನ್ನು ತರಬೇಕು, ಏನನ್ನು ಬಾಗಿಲ ಹೊರಗೇ ಬಿಡಬೇಕು ಎಂದು ಅದಕ್ಕೆ ಹೇಳಿಡಬಹುದು. ವೆಬ್ಬಿನ ಮೊದಲ ಬ್ಯಾನರ್ ಜಾಹೀರಾತುಗಳು ಹಾಟ್‌ವೈರ್ಡ್ ತಾಣದಲ್ಲಿ ಕಾಣಿಸಿಕೊಂಡದ್ದು 1994ರ ಅಕ್ಟೋಬರಿನಲ್ಲಿ. ಓದುಗನ ಗುರುತು ನೆನಪಿಡಲು ತಾಣವು ಅವನ ಬ್ರೌಸರಿನಲ್ಲಿ ಇಡುವ ಚೀಟಿಯಾದ ಕುಕಿಯನ್ನು ನೆಟ್‌ಸ್ಕೇಪ್‌ನ ಲೂ ಮೊಂಟುಲಿ ರೂಪಿಸಿದ್ದೂ ಅದೇ ವರ್ಷ. ಇವೆರಡೂ ಕೈಜೋಡಿಸಿದರೆ ಏನಾಗುತ್ತದೆಂದು ಬೇಗ ಗ್ರಹಿಸಿದವರಿದ್ದರು. 1990ರ ದಶಕ ಮುಗಿಯುವ ಮೊದಲೇ ಇಂಟರ್ನೆಟ್ ಜಂಕ್‌ಬಸ್ಟರ್ ಎಂಬ ಪ್ರಾಕ್ಸಿ ಬಂತು. ಜಾಹೀರಾತು ಚಿತ್ರಗಳನ್ನೂ ಬೇಡದ ಕುಕಿಗಳನ್ನೂ ತಡೆಯುವುದಷ್ಟೇ ಅದರ ಕೆಲಸ. ಅದರ ಕೋಡ್ ಆಧರಿಸಿ ಹುಟ್ಟಿದ ಪ್ರಿವಾಕ್ಸಿಯ 3.0 ಆವೃತ್ತಿ ಹೊರಬಂದದ್ದು 2002ರಲ್ಲಿ. ಸ್ವತಂತ್ರ ತಂತ್ರಾಂಶವಾದ ಅದನ್ನು ಸ್ವಯಂಸೇವಕರು ಇಂದಿಗೂ ನೋಡಿಕೊಳ್ಳುತ್ತಿದ್ದಾರೆ. ವಿಂಡೋಸ್ ಬಳಕೆದಾರರಲ್ಲಿ ಆಗ ಸ್ಕಾಟ್ ಲೆಮನ್ ಒಬ್ಬರೇ ಬರೆದ ಪ್ರಾಕ್ಸೊಮಿಟ್ರಾನ್ ಜನಪ್ರಿಯವಾಗಿತ್ತು. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್‌ಗಳು ಬ್ರೌಸರಿನೊಳಗೆ ಬಂದ ಮೇಲೆ ಈ ಪ್ರಾಕ್ಸಿಗಳನ್ನು ಬಹುಪಾಲು ಜನ ಮರೆತರು. ಮರೆತದ್ದು ನಷ್ಟವೇ ಆಯಿತೆಂದು ನಾನು ಏಕೆ ಹೇಳುತ್ತೇನೆ ಎಂಬುದಕ್ಕೆ ಮೊದಲು, ತಡೆಯಬೇಕಾದದ್ದು ಯಾವುದನ್ನು ಎಂಬುದನ್ನು ನೋಡಬೇಕು.

ಇಂದಿನ ಜಾಹೀರಾತು ಬರೀ ಚಿತ್ರವಲ್ಲ. ಸಕ್ಕರೆ ಕಾಯಿಲೆಗೆ ಯಾವ ಊಟ ಒಳ್ಳೆಯದೆಂದು ಹುಡುಕಿ ಒಬ್ಬರು ಪುಟ ತೆರೆಯುತ್ತಾರೆ ಎನ್ನಿ. ಪುಟದಲ್ಲಿ ಖಾಲಿ ಬಿಟ್ಟ ಜಾಗವೊಂದಿರುತ್ತದೆ. ಅಕ್ಷರಗಳು ಪರದೆಯ ಮೇಲೆ ಮೂಡುವಷ್ಟರಲ್ಲಿ ಆ ಜಾಗ ಹರಾಜಿಗೆ ಹೋಗುತ್ತದೆ. ಕೂಗುವವರಿಗೆ ವಸ್ತುವಿನ ಗುಣ ಗೊತ್ತಿರಬೇಕಲ್ಲ. ಹಾಗಾಗಿ ಓದುತ್ತಿರುವ ಪುಟದ ವಿಳಾಸ, ಫೋನಿನ ಮಾದರಿ, ಅಂದಾಜು ಸ್ಥಳ, ಹಿಂದಿನ ಭೇಟಿಗಳೊಡನೆ ತಾಳೆ ಹಾಕಲು ಬೇಕಾದ ಗುರುತಿನ ಸಂಖ್ಯೆ, ಎಲ್ಲವೂ ಒಂದು ಕೋರಿಕೆಯ ರೂಪದಲ್ಲಿ ಅನೇಕ ಕಂಪನಿಗಳಿಗೆ ಏಕಕಾಲಕ್ಕೆ ಹೋಗುತ್ತವೆ. ಗೆದ್ದವರು ಒಬ್ಬರೇ. ಸೋತವರ ಕೈಗೂ ಮಾಹಿತಿ ಬಂದಿರುತ್ತದೆ, ಅದನ್ನು ಅವರು ಮರಳಿಸುವ ಮಾತೇ ಇಲ್ಲ. ಅಮೆರಿಕ ಮತ್ತು ಯುರೋಪಿನಲ್ಲಿ ಇಂಥ ಪ್ರಸಾರ ವರ್ಷಕ್ಕೆ 178 ಲಕ್ಷ ಕೋಟಿ ಸಲ ನಡೆಯುತ್ತದೆ ಎಂದು ಐರ್ಲೆಂಡಿನ ನಾಗರಿಕ ಸ್ವಾತಂತ್ರ್ಯ ಮಂಡಳಿ 2022ರಲ್ಲಿ ಲೆಕ್ಕ ಕೊಟ್ಟಿತು. ಅದೇ ವರ್ಷ ಬೆಲ್ಜಿಯಂನ ದತ್ತಾಂಶ ಸಂರಕ್ಷಣಾ ಪ್ರಾಧಿಕಾರ, ಯುರೋಪಿನ ಜಾಲತಾಣಗಳಲ್ಲಿ ‘ಒಪ್ಪಿಗೆ ಇದೆಯೇ’ ಎಂದು ಕೇಳುವ ಕಿಟಕಿಗಳ ಹಿಂದಿನ ವ್ಯವಸ್ಥೆಯೇ ಕಾನೂನಿಗೆ ಹೊಂದುವುದಿಲ್ಲ ಎಂದು ಹೇಳಿ, ಅದನ್ನು ರೂಪಿಸಿದ ಜಾಹೀರಾತು ಉದ್ಯಮದ ಸಂಘಟನೆಗೆ 2.5 ಲಕ್ಷ ಯೂರೊ ದಂಡ ಹಾಕಿತು. ಜನರ ಮಾಹಿತಿಯ ಮಾರಾಟ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೂ ಪುರಾವೆಯಿದೆ. ಜನರ ಸ್ಥಳ ಮಾಹಿತಿಯನ್ನು ಕೊಂಡು ಮಾರುತ್ತಿದ್ದ ಎಕ್ಸ್-ಮೋಡ್ ಎಂಬ ಕಂಪನಿ, ಯಾರು ಯಾವ ಆಸ್ಪತ್ರೆಗೆ, ಯಾವ ಪ್ರಾರ್ಥನಾ ಸ್ಥಳಕ್ಕೆ ಹೋದರೆಂದು ತಿಳಿಸಬಲ್ಲ ದತ್ತಾಂಶ ಮಾರಕೂಡದೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಜನವರಿಯಲ್ಲಿ ನಿರ್ಬಂಧಿಸಿತು. ಮುಚ್ಚಿಡುವಂಥದ್ದು ನನ್ನಲ್ಲೇನಿದೆ ಎಂದು ಕೇಳುವವರು ಬಹಳ. ಕಾಯಿಲೆ, ಸಾಲ, ಮಕ್ಕಳ ಓದು, ದೇವರು, ಮದುವೆಯ ಮಾತುಕತೆ, ಇವುಗಳಲ್ಲಿ ಅಪರಾಧ ಯಾವುದೂ ಇಲ್ಲ. ಆದರೂ ಇವನ್ನು ಊರ ಚಾವಡಿಯಲ್ಲಿ ಹರಾಜು ಕೂಗಿಸಲು ಯಾರೂ ಒಪ್ಪುವುದಿಲ್ಲ.

ಇದು ಖಾಸಗಿತನವೊಂದರ ಪ್ರಶ್ನೆಯೂ ಅಲ್ಲ. 2016ರ ಮಾರ್ಚಿನಲ್ಲಿ ನ್ಯೂಯಾರ್ಕ್ ಟೈಮ್ಸ್, ಬಿಬಿಸಿಯಂಥ ತಾಣಗಳಿಗೆ ಭೇಟಿ ಕೊಟ್ಟ ಓದುಗರಿಗೆ ಜಾಹೀರಾತು ಜಾಲಗಳ ಮೂಲಕವೇ ದುಷ್ಟ ತಂತ್ರಾಂಶ ಹರಿದುಬಂತು. ಆ ತಾಣಗಳ ಸಂಪಾದಕರಾಗಲಿ ತಂತ್ರಜ್ಞರಾಗಲಿ ಅದನ್ನು ಹಾಕಿರಲಿಲ್ಲ. ತಮ್ಮ ಪುಟದ ಆ ಜಾಗದಲ್ಲಿ ಏನು ಬರುತ್ತದೆಂದು ನೋಡುವ ಅವಕಾಶವೇ ಅವರಿಗಿರಲಿಲ್ಲ. 2022ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಒಂದು ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ವಂಚಕರು ಹುಡುಕು ತಾಣಗಳಲ್ಲಿ ಜಾಹೀರಾತು ಕೊಂಡು, ಬ್ಯಾಂಕು ಮತ್ತು ಕಂಪನಿಗಳ ಹೆಸರಿನಲ್ಲಿ ಸುಳ್ಳು ತಾಣಗಳಿಗೆ ಜನರನ್ನು ಒಯ್ಯುತ್ತಿದ್ದಾರೆ. ಆದ್ದರಿಂದ ಇಂಟರ್ನೆಟ್ಟಿನಲ್ಲಿ ಹುಡುಕುವಾಗ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಬಳಸಿ ಎಂದು ಅದರಲ್ಲಿ ನೇರವಾಗಿ ಸಲಹೆ ಇತ್ತು. ಒಂದು ದೇಶದ ತನಿಖಾ ಸಂಸ್ಥೆಯೇ ನಾಗರಿಕರಿಗೆ ಈ ಮಾತು ಹೇಳಿದ ಮೇಲೆ, ಜಾಹೀರಾತು ತಡೆಯುವುದನ್ನು ಕಳ್ಳತನಕ್ಕೆ ಸಮಾನವೆಂದು ನೋಡುವುದು ನ್ಯಾಯವಲ್ಲ.

ಹಾಗಾದರೆ ಬ್ರೌಸರಿನೊಳಗೆ ಒಂದು ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಸಾಲದೇ ಎಂದು ಕೇಳಬಹುದು. ಹಾಕಿಕೊಳ್ಳಿ. ರೇಮಂಡ್ ಹಿಲ್ ರೂಪಿಸಿದ ಯುಬ್ಲಾಕ್ ಆರಿಜಿನ್‌ನಂಥ ಒಳ್ಳೆಯ ಸಾಧನ ಪುಕ್ಕಟೆಯಾಗಿ ಸಿಗುತ್ತದೆ. ಆದರೆ ಎಕ್ಸ್‌ಟೆನ್ಷನ್ ಎಂಬುದು ಬ್ರೌಸರ್ ತಯಾರಕರ ಅನುಮತಿಯ ಮೇಲೆ ಬದುಕುವ ಬಾಡಿಗೆದಾರ, ಮನೆ ಖಾಲಿ ಮಾಡೆಂದರೆ ಮಾಡಬೇಕು. ಕ್ರೋಮ್‌ನಲ್ಲಿ ಆದದ್ದೇ ಅದು. ಪುಟದ ಒಂದೊಂದು ಕೋರಿಕೆಯನ್ನೂ ತಾನೇ ನೋಡಿ ತಡೆಯುವ ಅಧಿಕಾರವನ್ನು ಎಕ್ಸ್‌ಟೆನ್ಷನ್‌ಗಳಿಂದ ಹಿಂಪಡೆದು, ಮೊದಲೇ ಸಲ್ಲಿಸಿದ ನಿಯಮಗಳ ಪಟ್ಟಿಯನ್ನು ಬ್ರೌಸರೇ ಜಾರಿ ಮಾಡುವ ಪದ್ಧತಿಯನ್ನು ಗೂಗಲ್ ತಂದಿತು. ಮ್ಯಾನಿಫೆಸ್ಟ್ ವಿ3 ಎಂಬುದು ಅದರ ಹೆಸರು. 2024ರಲ್ಲಿ ಹಳೆಯ ಬಗೆಯ ಎಕ್ಸ್‌ಟೆನ್ಷನ್‌ಗಳನ್ನು ನಿಲ್ಲಿಸಲು ಶುರುಮಾಡಿ, 2025ರಲ್ಲಿ ಮುಗಿಸಿತು. ಯುಬ್ಲಾಕ್ ಆರಿಜಿನ್ ಕ್ರೋಮ್‌ನಿಂದ ಹೊರಬಿತ್ತು, ಅದರ ಜಾಗದಲ್ಲಿ ‘ಲೈಟ್’ ಎಂಬ ಕಡಿಮೆ ಅಧಿಕಾರದ ಆವೃತ್ತಿ ಉಳಿಯಿತು. ಇದಕ್ಕೆ ಗೂಗಲ್ ಕೊಟ್ಟ ಕಾರಣ ಸುರಕ್ಷತೆ. ಆ ಕಾರಣದಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಓದುವ ಪುಟವನ್ನೆಲ್ಲ ನೋಡಬಲ್ಲ ಎಕ್ಸ್‌ಟೆನ್ಷನ್ ಕೆಟ್ಟವರ ಕೈಯಲ್ಲಿ ಅಪಾಯಕಾರಿಯೇ. ಹಾಗಿದ್ದರೂ ಆದಾಯದ ಬಹುಪಾಲು ಜಾಹೀರಾತಿನಿಂದಲೇ ಬರುವ ಕಂಪನಿ, ಜಾಹೀರಾತು ತಡೆಯುವ ಸಾಧನಕ್ಕೆ ಎಷ್ಟು ಶಕ್ತಿ ಇರಬೇಕೆಂದು ನಿರ್ಧರಿಸುವ ಸ್ಥಾನದಲ್ಲಿ ಕೂರುವುದು ಸರಿಯಾದ ಏರ್ಪಾಡಲ್ಲ. ಇನ್ನೊಂದು ಕಡೆ, ಆ್ಯಡ್‌ಬ್ಲಾಕ್ ಪ್ಲಸ್ ಎಂಬ ಎಕ್ಸ್‌ಟೆನ್ಷನ್ 2011ರಲ್ಲಿ ‘ಒಪ್ಪಬಹುದಾದ ಜಾಹೀರಾತು’ ಎಂಬ ಪಟ್ಟಿ ಮಾಡಿ ಅಂಥವನ್ನು ಒಳಬಿಡಲು ಶುರುಮಾಡಿತು. ಆ ಪಟ್ಟಿಯಲ್ಲಿರಲು ದೊಡ್ಡ ಕಂಪನಿಗಳು ಹಣ ಕೊಡುತ್ತವೆ. ನಮ್ಮದೇ ಕಂಪ್ಯೂಟರಿನಲ್ಲಿ, ಬ್ರೌಸರಿನ ಹೊರಗೆ ನಿಂತ ಪ್ರಾಕ್ಸಿಗೆ ಇಂಥ ಹಂಗು ಯಾವುದೂ ಇಲ್ಲ. ಕ್ರೋಮ್ ಬದಲಾದರೂ, ಫೈರ್‌ಫಾಕ್ಸ್ ಬದಲಾದರೂ ಅದು ತನ್ನ ನಿಯಮವನ್ನು ಜಾರಿ ಮಾಡುತ್ತಲೇ ಇರುತ್ತದೆ.

ಹಾಕಿಕೊಳ್ಳುವ ಕೆಲಸ ಎಷ್ಟಿದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪ್ ಅಥವಾ ಅಂಗೈಯಗಲದ ರಾಸ್ಪ್‌ಬೆರಿ ಪೈ, ಅದರಲ್ಲಿ ಲಿನಕ್ಸ್, ಇಷ್ಟು ಸಾಕು. ಡೆಬಿಯನ್, ಉಬುಂಟುಗಳ ಭಂಡಾರದಲ್ಲಿ ಪ್ರಿವಾಕ್ಸಿ ಸಿದ್ಧವಾಗಿ ಸಿಗುತ್ತದೆ; ಒಂದು ಸಾಲಿನ ಆದೇಶದಲ್ಲಿ ಅನುಸ್ಥಾಪನೆ ಮುಗಿಯುತ್ತದೆ. ಆರಂಭದಲ್ಲಿ ಅದು 127.0.0.1:8118 ಎಂಬ ವಿಳಾಸದಲ್ಲಿ ಕಿವಿಗೊಟ್ಟು ಕೂತಿರುತ್ತದೆ, ಅಂದರೆ ಅದೇ ಯಂತ್ರದ ಬ್ರೌಸರಿಗೆ ಮಾತ್ರ ಸಿಗುತ್ತದೆ. ಮನೆಯವರೆಲ್ಲರಿಗೂ ಸಿಗಬೇಕೆಂದರೆ ಕಾನ್ಫಿಗ್ ಕಡತದ ಆ ಒಂದು ಸಾಲಿನಲ್ಲಿ ಮನೆಯ ಜಾಲದಲ್ಲಿ ಆ ಯಂತ್ರಕ್ಕಿರುವ ವಿಳಾಸ ಬರೆಯಬೇಕು; ಯಾರು ಬಳಸಬಹುದು ಎಂಬುದನ್ನು ಮನೆಯ ವಿಳಾಸಗಳಿಗಷ್ಟೇ ಸೀಮಿತಗೊಳಿಸಬೇಕು. ಈ ಎರಡನೆಯ ಮಾತನ್ನು ಮರೆಯಬಾರದು. ಹೊರಗಿನ ಇಂಟರ್ನೆಟ್ಟಿಗೆ ತೆರೆದುಕೊಂಡ ಪ್ರಾಕ್ಸಿಯನ್ನು ದುಷ್ಕರ್ಮಿಗಳು ಬೇಗ ಪತ್ತೆ ಹಚ್ಚುತ್ತಾರೆ, ಅವರ ಕೃತ್ಯ ನಿಮ್ಮ ಹೆಸರಿಗೆ ಬರುತ್ತದೆ. ಆಮೇಲೆ ಬ್ರೌಸರಿನ ಪ್ರಾಕ್ಸಿ ಆಯ್ಕೆಯಲ್ಲಿ ಆ ವಿಳಾಸ ಮತ್ತು ಸಂಖ್ಯೆ ನಮೂದಿಸಿದರೆ ಆಯಿತು. ಪ್ರಿವಾಕ್ಸಿಯ ಜೊತೆಗೇ ಬರುವ ನಿಯಮಗಳು ಒಂದು ಕಡತದಲ್ಲಿರುತ್ತವೆ. ನಮ್ಮ ಸ್ವಂತ ನಿಯಮಗಳಿಗೆ ಯೂಸರ್ ಡಾಟ್ ಆ್ಯಕ್ಷನ್ ಎಂಬ ಬೇರೆ ಕಡತ. ಕೊನೆಗೆ ಓದುವುದು ನಮ್ಮ ಕಡತವನ್ನು, ಆದ್ದರಿಂದ ಕೊನೆಯ ಮಾತೂ ನಮ್ಮದೇ. ಅದರಲ್ಲಿ ತಡೆಯುವ ಆದೇಶದ ಕೆಳಗೆ, ಗೂಗಲ್ 2008ರಲ್ಲಿ ತನ್ನದಾಗಿಸಿಕೊಂಡ ಡಬಲ್‌ಕ್ಲಿಕ್‌ನ ವಿಳಾಸವನ್ನು ಮುಂದೊಂದು ಚುಕ್ಕಿಯಿಟ್ಟು ಬರೆದರೆ, ಆ ಹೆಸರಿನಿಂದ ಕೊನೆಗೊಳ್ಳುವ ಅಷ್ಟೂ ಸರ್ವರ್‌ಗಳಿಗೆ ಬಾಗಿಲು ಮುಚ್ಚುತ್ತದೆ. ಯಾವುದೋ ಒಂದು ತಾಣ ಇದರಿಂದ ಸರಿಯಾಗಿ ತೆರೆಯದಿದ್ದರೆ, ಅದಕ್ಕೆ ಬೇಕಾದ ಸರ್ವರಿಗೆ ವಿನಾಯಿತಿ ಕೊಡುವ ಸಾಲನ್ನೂ ಅಲ್ಲೇ ಬರೆಯಬಹುದು. ಪಠ್ಯ ಕಡತ ತೆರೆದು ತಿದ್ದಿ ಉಳಿಸಲು ಬಲ್ಲ ಪಿಯುಸಿ ವಿದ್ಯಾರ್ಥಿ ಮಾಡಬಹುದಾದ ಕೆಲಸ ಇದು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಪ್ರಿವಾಕ್ಸಿ ಹುಟ್ಟಿದಾಗ ವೆಬ್ ಪುಟಗಳು ತೆರೆದ ಅಂಚೆ ಕಾರ್ಡಿನಂತೆ ಸಾಗುತ್ತಿದ್ದವು, ನಡುವಿದ್ದವರು ಓದಬಹುದಿತ್ತು, ತಿದ್ದಬಹುದಿತ್ತು. ಅಮೆರಿಕದ ಎಡ್ವರ್ಡ್ ಸ್ನೋಡೆನ್ 2013ರಲ್ಲಿ ತಮ್ಮ ಸರ್ಕಾರದ ಕಣ್ಗಾವಲನ್ನು ಬಯಲು ಮಾಡಿದ ಮೇಲೆ, ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರ ಕೊನೆಯಿಂದ ಗೂಢಲಿಪಿಗೆ ಬೇಕಾದ ಪ್ರಮಾಣಪತ್ರಗಳನ್ನು ಪುಕ್ಕಟೆ ಕೊಡತೊಡಗಿದ ಮೇಲೆ, ವೆಬ್ಬಿನ ಬಹುಪಾಲು, ಪುಟಕ್ಕೆ ಗೂಢಲಿಪಿಯ ಬೀಗ ಹಾಕಿ ಕಳಿಸುವ ಎಚ್‌ಟಿಟಿಪಿಎಸ್‌ಗೆ ಬಂದಿದೆ. ಟೆಲಿಕಾಂ ಕಂಪನಿ ಪುಟದೊಳಗೆ ಕೈಹಾಕಲು ಇಂದು ಆಗದಿರುವುದು ಈ ಬೀಗದಿಂದಲೇ. ಅದೇ ಬೀಗ ನಮ್ಮ ಪ್ರಾಕ್ಸಿಯ ಕೈಯನ್ನೂ ಕಟ್ಟುತ್ತದೆ. ಬ್ರೌಸರ್ ಯಾವ ಸರ್ವರ್ ಹತ್ತಿರ ಹೋಗಬೇಕೆಂದಿದೆ ಎಂಬುದಷ್ಟೇ ಅದಕ್ಕೆ ಕಾಣುತ್ತದೆ; ಯಾವ ಪುಟ, ಪುಟದಲ್ಲೇನಿದೆ ಎಂಬುದು ಕಾಣುವುದಿಲ್ಲ. ಬೀಗ ತೆಗೆಸಿ ಒಳಗೆ ನೋಡುವ ಸೌಲಭ್ಯ ಪ್ರಿವಾಕ್ಸಿಗೆ 2020ರ ಕೊನೆಯಲ್ಲಿ ಬಂತು. ಅದಕ್ಕೆ ನಮ್ಮದೇ ಒಂದು ಮೂಲ ಪ್ರಮಾಣಪತ್ರ ಮಾಡಿ, ಅದನ್ನು ನಂಬು ಎಂದು ಎಲ್ಲ ಬ್ರೌಸರುಗಳಿಗೂ ಹೇಳಬೇಕು. ಸೂಪರ್‌ಫಿಶ್ ಮಾಡಿದ್ದು ಇದನ್ನೇ, ಅದರಲ್ಲೂ ಎಲ್ಲ ಲ್ಯಾಪ್‌ಟಾಪುಗಳಿಗೂ ಒಂದೇ ಕೀಲಿ ಇಟ್ಟಿತ್ತು. ಆ ಕೀಲಿಯ ಗುಪ್ತಪದವನ್ನು ಸುರಕ್ಷತಾ ತಜ್ಞರು ಬಿಡಿಸಿ ತೋರಿಸಿದರು. ಬ್ಯಾಂಕಿನ ವ್ಯವಹಾರವೂ ಸಾಗುವ ದಾರಿಯಲ್ಲಿ ಇಂಥ ಬಾಗಿಲನ್ನು ಮನೆಮಂದಿಗಾಗಿ ತೆರೆಯುವುದು ಬೇಡ ಎಂಬುದೇ ನನ್ನ ಖಚಿತ ಅಭಿಪ್ರಾಯ. ಗೂಢಲಿಪಿಯನ್ನು ಮುಟ್ಟದೆ, ಸರ್ವರಿನ ಹೆಸರು ನೋಡಿ ತಡೆಯುವುದಷ್ಟಕ್ಕೆ ಪ್ರಾಕ್ಸಿಯನ್ನು ನಿಲ್ಲಿಸಿ. ಪುಟದೊಳಗಿನ ಉಳಿದ ಶುಚಿಯನ್ನು ಫೈರ್‌ಫಾಕ್ಸ್ ಮತ್ತು ಯುಬ್ಲಾಕ್ ಆರಿಜಿನ್ ನೋಡಿಕೊಳ್ಳಲಿ. ಬೇಹುಗಾರ ಸ್ಕ್ರಿಪ್ಟ್‌ಗಳ ದೊಡ್ಡ ಪಾಲು ತಮ್ಮದೇ ಹೆಸರಿನ ಬೇರೆ ಸರ್ವರ್‌ಗಳಿಂದ ಬರುವುದರಿಂದ ಇಷ್ಟರಲ್ಲೇ ಬಹಳ ಕೆಲಸ ಆಗುತ್ತದೆ. ಯೂಟ್ಯೂಬ್‌ನ ಜಾಹೀರಾತು ವಿಡಿಯೊ ಬರುವ ಕಡೆಯಿಂದಲೇ ಬರುತ್ತದಾದ್ದರಿಂದ ಹೆಸರು ನೋಡಿ ಅದನ್ನು ತಡೆಯಲಾಗದು. ಫೋನಿನ ಎಷ್ಟೋ ಆ್ಯಪ್‌ಗಳು ಪ್ರಾಕ್ಸಿಯ ಆಯ್ಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅವಕ್ಕೆ ಪೈ-ಹೋಲ್ ಅಥವಾ ಆ್ಯಡ್‌ಗಾರ್ಡ್ ಹೋಮ್‌ನಂಥ ಡಿಎನ್‌ಎಸ್ ಸೋಸುವ ಸಾಧನ ಮೇಲು. ಹೆಸರಿಗೆ ವಿಳಾಸ ಕೇಳುವ ಹಂತದಲ್ಲೇ ಅವು ಕೋರಿಕೆಯನ್ನು ನಿಲ್ಲಿಸುತ್ತವೆ. ಪ್ರಾಕ್ಸಿ, ಪೈ-ಹೋಲ್ ಎರಡೂ ಒಂದೇ ಹಳೆಯ ಲ್ಯಾಪ್‌ಟಾಪಿನಲ್ಲಿ ಕೂರುತ್ತವೆ. ಇವು ಯಾವುವೂ ನಿಮ್ಮನ್ನು ಅನಾಮಧೇಯರನ್ನಾಗಿ ಮಾಡುವುದಿಲ್ಲ ಎಂಬುದೂ ಗೊತ್ತಿರಲಿ. ನೀವು ಭೇಟಿ ಕೊಟ್ಟ ತಾಣಕ್ಕೆ ನಿಮ್ಮ ಐಪಿ ವಿಳಾಸ ತಿಳಿದೇ ತಿಳಿಯುತ್ತದೆ.

ಪತ್ರಿಕೆಯಲ್ಲೇ ಈ ಲೇಖನ ಬರೆಯುವಾಗ ಎದುರಿಸಲೇಬೇಕಾದ ಆಕ್ಷೇಪವೊಂದಿದೆ. ಜಾಹೀರಾತಿಲ್ಲದೆ ಪತ್ರಿಕೆಗಳು ಹೇಗೆ ಬದುಕಬೇಕು? ಕನ್ನಡದಂಥ ಭಾಷೆಯಲ್ಲಿ ಚಂದಾ ಹಣದಿಂದಲೇ ಜಾಲತಾಣ ನಡೆಸುವುದು ಕಷ್ಟ, ವರದಿಗಾರರಿಗೆ ಸಂಬಳ ಕೊಡಬೇಕು, ಸರ್ವರ್ ಬಾಡಿಗೆ ಕಟ್ಟಬೇಕು. ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವವರಿಗೆ ಪತ್ರಿಕೋದ್ಯಮದ ಕಷ್ಟ ಗೊತ್ತಿಲ್ಲ ಎಂದೇ ನಾನು ತಿಳಿಯುತ್ತೇನೆ. ಆದರೆ ಜಾಹೀರಾತು ಬೇರೆ, ಬೇಹುಗಾರಿಕೆ ಬೇರೆ. ನೀವೀಗ ಹಿಡಿದಿರುವ ಪತ್ರಿಕೆಯ ಪುಟದಲ್ಲಿ ಸೀರೆ ಅಂಗಡಿಯದೋ ಟ್ರ್ಯಾಕ್ಟರಿನದೋ ಜಾಹೀರಾತು ಇದ್ದರೆ, ಅದನ್ನು ಯಾರು ಎಷ್ಟು ಹೊತ್ತು ನೋಡಿದರು, ಆಮೇಲೆ ಯಾವ ಪುಟ ತಿರುವಿದರು ಎಂದು ಅದು ಯಾರಿಗೂ ವರದಿ ಮಾಡುವುದಿಲ್ಲ. ಆದರೂ ಜಾಹೀರಾತುದಾರರು ದಶಕಗಳ ಕಾಲ ಅದಕ್ಕೆ ದುಡ್ಡು ಕೊಟ್ಟಿದ್ದಾರೆ, ಇಂದಿಗೂ ಕೊಡುತ್ತಿದ್ದಾರೆ. ಜಾಲತಾಣವೂ ತನ್ನದೇ ಸರ್ವರಿನಿಂದ ಅಂಥ ಜಾಹೀರಾತು ಹಾಕಿದರೆ, ನಾನು ಮೇಲೆ ಹೇಳಿದ ಹೆಸರು ನೋಡಿ ತಡೆಯುವ ಪ್ರಾಕ್ಸಿ ಅದನ್ನು ಮುಟ್ಟುವುದೇ ಇಲ್ಲ. ಅದು ತಡೆಯುವುದು ಮೂರನೆಯವರ ಹರಾಜುಕಟ್ಟೆಯನ್ನು. ಆ ಹರಾಜುಕಟ್ಟೆಯಿಂದ ಪತ್ರಿಕೆಗೆ ಬರುವುದಾದರೂ ಎಷ್ಟು? ಬ್ರಿಟನ್ನಿನ ಜಾಹೀರಾತುದಾರರ ಸಂಘ ಐಎಸ್‌ಬಿಎ, ಲೆಕ್ಕಪರಿಶೋಧನಾ ಸಂಸ್ಥೆ ಪಿಡಬ್ಲ್ಯುಸಿಯಿಂದ ಮಾಡಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜಾಹೀರಾತುದಾರ ಕೊಟ್ಟ ಹಣದಲ್ಲಿ ಪ್ರಕಾಶಕರ ಕೈ ಸೇರಿದ್ದು ಶೇ 51. ನಡುವಿನವರ ಶುಲ್ಕಗಳನ್ನೆಲ್ಲ ಕಳೆದ ಮೇಲೂ ಶೇ 15ರಷ್ಟು ಹಣ ಎಲ್ಲಿಗೆ ಹೋಯಿತೆಂದು ಲೆಕ್ಕಿಗರಿಗೂ ಪತ್ತೆಯಾಗಲಿಲ್ಲ. ಓದುಗನ ಖಾಸಗಿತನ ಮಾರಿ ಬಂದ ಹಣದ ಅರ್ಧದಷ್ಟು ಪತ್ರಿಕೆಗೇ ಸಿಗುತ್ತಿಲ್ಲ ಎಂದರೆ, ಈ ವ್ಯವಸ್ಥೆಯಲ್ಲಿ ಓದುಗನೂ ಪತ್ರಿಕೆಯೂ ಒಂದೇ ಕಡೆ ನಿಂತಿದ್ದಾರೆ.

ಬೇರೆ ದಾರಿ ಇಲ್ಲವೆಂಬ ಮಾತನ್ನು ಅನುಭವ ಒಪ್ಪುವುದಿಲ್ಲ. ಯುರೋಪಿನ ದತ್ತಾಂಶ ಕಾನೂನು ಜಿಡಿಪಿಆರ್ 2018ರಲ್ಲಿ ಜಾರಿಗೆ ಬಂದಾಗ ನ್ಯೂಯಾರ್ಕ್ ಟೈಮ್ಸ್ ಅಲ್ಲಿನ ಓದುಗರಿಗೆ ಹರಾಜಿನ ಜಾಹೀರಾತು ನಿಲ್ಲಿಸಿತು; ಓದುಗನ ಚಲನವಲನ ಬಿಟ್ಟು ಪುಟದ ವಿಷಯ ಮತ್ತು ದೇಶ ನೋಡಿ ಜಾಹೀರಾತು ಮಾರಿತು. ಅದರ ಜಾಹೀರಾತು ಆದಾಯ ಕುಸಿಯಲಿಲ್ಲ. ನೆದರ್‌ಲೆಂಡ್ಸ್‌ನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಪಿಒ 2020ರ ಆರಂಭದಲ್ಲಿ ಹಿಂಬಾಲಿಸುವ ಕುಕಿಗಳನ್ನು ಪೂರ್ತಿ ಕೈಬಿಟ್ಟ ಮೇಲೆ ಅದರ ಆನ್‌ಲೈನ್ ಜಾಹೀರಾತಿನ ಗಳಿಕೆ ಏರಿತು. ಇವೆರಡೂ ದೊಡ್ಡ ಸಂಸ್ಥೆಗಳು, ಹೆಸರಿನ ಬಲದಿಂದಲೇ ಜಾಹೀರಾತು ತರಬಲ್ಲವು. ಜಿಲ್ಲಾ ಮಟ್ಟದ ಒಂದು ಕನ್ನಡ ಸುದ್ದಿ ತಾಣಕ್ಕೆ ಇದು ಅಷ್ಟು ಸುಲಭವಲ್ಲ ಎಂಬುದು ನಿಜ. ಆದರೆ ಜಿಲ್ಲಾ ಮಟ್ಟದ ಮುದ್ರಿತ ಪತ್ರಿಕೆಗಳು ಊರಿನ ಬಟ್ಟೆ ಅಂಗಡಿ, ಶಾಲೆ, ಸಹಕಾರ ಸಂಘಗಳ ಜಾಹೀರಾತಿನಿಂದಲೇ ಬಾಳಿಕೊಂಡು ಬಂದವು. ಅದೇ ಪರಿಚಯ ಮತ್ತು ನಂಬಿಕೆಯನ್ನು ಜಾಲತಾಣಕ್ಕೆ ಒಯ್ಯುವುದು ಆಗದ ಕೆಲಸವಲ್ಲ. ಓದುಗರ ಕಡೆಯಿಂದಲೂ ಒಂದು ಕರ್ತವ್ಯ ಇದೆ. ಪ್ರಾಕ್ಸಿ ಹಾಕಿಕೊಂಡವರು ತಾವು ದಿನವೂ ಓದುವ ಪತ್ರಿಕೆಗೆ ಚಂದಾದಾರರಾಗಬೇಕು. ಚಂದಾ ಕೊಡಲಾಗದವರು ಆ ತಾಣ ಓದುವಾಗ ಪ್ರಾಕ್ಸಿಯನ್ನು ಬದಿಗಿಡಲಿ. ಯಾರಿಗೆ ಕೊಡಬೇಕೆಂಬ ಆಯ್ಕೆ ಓದುಗನ ಕೈಗೆ ಬರುತ್ತದೆ ಎಂಬುದೇ ಇಲ್ಲಿ ಮುಖ್ಯ.

ಇದನ್ನೆಲ್ಲ ಕಾನೂನು ನೋಡಿಕೊಳ್ಳಬೇಕು, ನಾಗರಿಕರ ತಲೆಗೆ ಏಕೆ ಹೊರಿಸುತ್ತೀರಿ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ತೀರ್ಪು ಅವರ ಹೆಸರಿನಿಂದಲೇ ದೇಶಕ್ಕೆಲ್ಲ ಪರಿಚಿತ. ಅದಾಗಿ ಆರು ವರ್ಷಕ್ಕೆ, 2023ರ ಆಗಸ್ಟಿನಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಹದಿನೆಂಟು ವರ್ಷದೊಳಗಿನವರನ್ನು ಹಿಂಬಾಲಿಸುವುದನ್ನೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ಅದರ 9ನೆಯ ಸೆಕ್ಷನ್ ನಿಷೇಧಿಸುತ್ತದೆ. ಉಲ್ಲಂಘನೆಗಳಿಗೆ ₹250 ಕೋಟಿವರೆಗೆ ದಂಡ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ. ನಿಯಮಗಳು ಹೊರಬರಲು ಇನ್ನೂ ಎರಡು ವರ್ಷ ಹಿಡಿಯಿತು. 2025ರ ನವೆಂಬರಿನಲ್ಲಿ ಪ್ರಕಟವಾದಾಗ ಕಂಪನಿಗಳ ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶ ಸಿಕ್ಕಿತು. ಮೂರನೆಯವರ ಕುಕಿಗಳನ್ನು ತಾನೇ ತೆಗೆಯುತ್ತೇನೆಂದು 2020ರಲ್ಲಿ ಹೇಳಿದ್ದ ಗೂಗಲ್ ಮತ್ತೆ ಮತ್ತೆ ಮುಂದೂಡಿ 2024ರಲ್ಲಿ ಆ ಯೋಜನೆಯಿಂದಲೇ ಹಿಂದೆ ಸರಿಯಿತು. ಕಾನೂನು ಬೇಕೇ ಬೇಕು, ಅದಕ್ಕಾಗಿ ಒತ್ತಾಯಿಸುತ್ತಲೇ ಇರಬೇಕು. ಆದರೆ 2017ರಲ್ಲಿ ಒಂದನೆಯ ತರಗತಿಗೆ ಸೇರಿದ ಮಗು, ಆ ಹಕ್ಕು ಕಾಗದದಿಂದ ಇಳಿದು ಜಾರಿಗೆ ಬರುವಷ್ಟರಲ್ಲಿ ಹೈಸ್ಕೂಲು ಮುಗಿಸುತ್ತಿರುತ್ತದೆ. ಅಷ್ಟು ವರ್ಷಗಳ ದಾಖಲೆ ಯಾರ ಯಾರ ಬಳಿಯೋ ಸೇರಿಯಾಗಿರುತ್ತದೆ.

ಎಲ್ಲಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವ ಆಕ್ಷೇಪ ಮನೆಯೊಳಗಿನದು. ಹೊರಗಿನ ಬೇಹುಗಾರರನ್ನು ತಡೆಯಲು ಕೂರಿಸಿದ ಯಂತ್ರ ಮನೆಮಂದಿಯ ಮೇಲೆ ಕಣ್ಣಿಡುವ ಯಂತ್ರವೂ ಆಗಬಹುದು. ಮಗಳು, ಹೆಂಡತಿ ಯಾವ ಯಾವ ತಾಣ ನೋಡಿದರು ಎಂದು ಲೆಕ್ಕ ಇಡುವ ಗಂಡಸಿನ ಕೈಗೆ ಪ್ರಾಕ್ಸಿ ಸಿಕ್ಕರೆ, ದೂರದ ಕಂಪನಿಗಿಂತ ಹತ್ತಿರದ, ಹೆಚ್ಚು ಕ್ರೂರವಾದ ಕಾವಲು ಅದು. ಇದು ಊಹೆಯ ಭಯವೆಂದು ತಳ್ಳಿಹಾಕುವಂತಿಲ್ಲ. ಆದ್ದರಿಂದ ಪ್ರಾಕ್ಸಿ ಹಾಕುವವರು ಮೊದಲ ದಿನವೇ ಎರಡು ಕೆಲಸ ಮಾಡಬೇಕು. ಒಂದು, ದಾಖಲೆ ಇಡದಂತೆ ನೋಡಿಕೊಳ್ಳಬೇಕು. ಪ್ರಿವಾಕ್ಸಿ ಯಾರು ಯಾವ ತಾಣಕ್ಕೆ ಹೋದರೆಂದು ತಾನಾಗಿ ಬರೆದಿಡುವುದಿಲ್ಲ, ಆ ಸ್ಥಿತಿಯನ್ನು ಬದಲಿಸಕೂಡದು. ಪೈ-ಹೋಲ್ ಬರೆದಿಡುತ್ತದೆ, ಅದರಲ್ಲಿ ಖಾಸಗಿತನದ ಮಟ್ಟ ಹೆಚ್ಚಿಸಿ ಆ ದಾಖಲೆಯನ್ನು ನಿಲ್ಲಿಸುವ ಆಯ್ಕೆಯಿದೆ, ಅದನ್ನು ಬಳಸಬೇಕು. ಇನ್ನೊಂದು, ಏನು ತಡೆಯಲಾಗುತ್ತಿದೆ ಎಂಬುದು ಮನೆಯ ಎಲ್ಲರಿಗೂ ಗೊತ್ತಿರಬೇಕು, ಬೇಡವೆಂದವರು ತಮ್ಮ ಬ್ರೌಸರಿನಲ್ಲಿ ಪ್ರಾಕ್ಸಿ ತೆಗೆಯಲು ಸ್ವತಂತ್ರರಿರಬೇಕು. ಪ್ರಿವಾಕ್ಸಿಯನ್ನು ಕಟ್ಟಿದವರಿಗೆ ಈ ಎಚ್ಚರ ಇತ್ತು. ಗೂಢಲಿಪಿಯಿಲ್ಲದೆ ಸಾಗುವ ಪುಟವೊಂದನ್ನು ಅದು ತಡೆದಾಗ ಏಕೆ ತಡೆದೆನೆಂದು ಹೇಳುವ ಪುಟ ತೋರಿಸುತ್ತದೆ, ಆದರೂ ಹೋಗಬೇಕೆಂದರೆ ಹೋಗಿ ಎಂಬ ಕೊಂಡಿಯನ್ನೂ ಅಲ್ಲೇ ಇಡುತ್ತದೆ. ಕಾವಲಿಗೂ ನಿರ್ಬಂಧಕ್ಕೂ ಇರುವ ವ್ಯತ್ಯಾಸ ಆ ಕೊಂಡಿಯಲ್ಲಿದೆ.

ಉಳಿದದ್ದು ಇದು ಎಲ್ಲರಿಂದಲೂ ಆಗುವ ಕೆಲಸವಲ್ಲ ಎಂಬ ಮಾತು. ನಿಜ, ಪ್ರತಿ ಮನೆಯಲ್ಲೂ ಕಾನ್ಫಿಗ್ ಕಡತ ತಿದ್ದುವವರು ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಬಾವಿ ತೋಡಿದವರೊಬ್ಬರು, ನೀರು ಸೇದಿದವರು ಊರಿನವರೆಲ್ಲ ಎಂಬುದು ನಮಗೆ ಹೊಸದಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅವುಗಳಲ್ಲಿ ಕಂಪ್ಯೂಟರುಗಳಿವೆ, ಅವುಗಳ ಮುಂದೆ ಮಕ್ಕಳು ಕೂರುತ್ತಾರೆ. ಸರ್ಕಾರಿ ಶಾಲೆಗಳ ಕಂಪ್ಯೂಟರ್ ಕೊಠಡಿಗಳಿವೆ. ಒಂದು ಕಟ್ಟಡಕ್ಕೆ ಒಂದು ಸೋಸುವ ಯಂತ್ರ ಸಾಕು; ಸಣ್ಣ ಡೇಟಾ ಪ್ಯಾಕಿನಲ್ಲಿ ನಡೆಯುವ ಕೇಂದ್ರಗಳಿಗೆ ಬೇಡದ ಸ್ಕ್ರಿಪ್ಟು, ವಿಡಿಯೊ ಜಾಹೀರಾತುಗಳು ನಿಂತರೆ ಅಷ್ಟೇ ಡೇಟಾ ಉಳಿತಾಯ. ಬೆಂಗಳೂರಿನಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದಂಥ ಸಂಘಟನೆ ವಿದ್ಯಾರ್ಥಿಗಳಿಗೆ ಸ್ವತಂತ್ರ ತಂತ್ರಾಂಶದ ಶಿಬಿರ ನಡೆಸುತ್ತ ಬಂದಿದೆ. ಎಂಜಿನಿಯರಿಂಗ್ ಕಾಲೇಜು ಇಲ್ಲದ ಜಿಲ್ಲೆ ರಾಜ್ಯದಲ್ಲಿ ಹುಡುಕಬೇಕು. ಭಾರತೀಯ ಭಾಷೆಗಳ ತಾಣಗಳಿಗೆಂದೇ ಸ್ವಯಂಸೇವಕರು ನಡೆಸುವ ಇಂಡಿಯನ್‌ಲಿಸ್ಟ್ ಎಂಬ, ಜಾಹೀರಾತು ತಡೆಯುವ ಪಟ್ಟಿಯಲ್ಲಿ ಕನ್ನಡಕ್ಕೂ ಜಾಗವಿದೆ. ಕನ್ನಡ ತಾಣಗಳಲ್ಲಿ ಯಾವ ಬೇಹುಗಾರ ಸರ್ವರ್ ಹೊಸದಾಗಿ ಕಂಡಿತೆಂದು ತಿಳಿಸಿ ಅದನ್ನು ಬೆಳೆಸಬೇಕಾದವರು ಕನ್ನಡಿಗರೇ. ಮೂಲೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇರುವ, ಲಿನಕ್ಸ್ ಒಂದಿಷ್ಟು ಬಲ್ಲ ಓದುಗರಲ್ಲಿ ನನ್ನ ಕೋರಿಕೆ ಒಂದೇ. ಮೊದಲು ನಿಮ್ಮ ಮನೆಗೆ ಹಾಕಿ, ಒಂದು ತಿಂಗಳು ನಡೆಸಿ, ತೊಡಕುಗಳನ್ನು ತಿಳಿದುಕೊಳ್ಳಿ. ಆಮೇಲೆ ನಿಮ್ಮೂರಿನ ಶಾಲೆಯ ಮುಖ್ಯ ಶಿಕ್ಷಕರನ್ನೋ ಗ್ರಂಥಾಲಯದ ಮೇಲ್ವಿಚಾರಕರನ್ನೋ ಕಂಡು, ಅವರ ಒಪ್ಪಿಗೆ ಪಡೆದು, ಅಲ್ಲಿಗೂ ಒಂದು ಹಾಕಿಕೊಡಿ.